ಲೇಬರ್ ರೂಮಿಗೆ ಪ್ಲೇಲಿಸ್ಟ್ ಮಾಡ್ತಿದೀನಿ, ಏನ್ ಹಾಕ್ಲಿ?

ಮೈಸೂರ್‌ಮಗಳು:
ಎಲ್ರಿಗೂ ನಮಸ್ಕಾರ. ನನಗೆ 34ನೇ ವಾರ ನಡೀತಿದೆ, ಮೊದಲ್ನೇ ಹೆರಿಗೆ, ಸೀಮಂತ ಮುಗಿಸ್ಕೊಂಡು ತವರಿಗೆ ಬಂದು ಕೂತಿದೀನಿ. ಗಂಡ ಬೆಂಗ್ಳೂರಲ್ಲೇ ಇದಾರೆ, ನೋವು ಶುರುವಾದ್ರೆ ಎಷ್ಟೊತ್ತಾದ್ರೂ ಕಾರ್ ತಗೊಂಡು ಬರ್ತೀನಿ ಅಂದಿದಾರೆ. ತೋರಿಸ್ತಿರೋದು ಇಲ್ಲೇ ಒಂದು ನರ್ಸಿಂಗ್ ಹೋಮಲ್ಲಿ. ಲೇಬರ್ ರೂಮಲ್ಲಿ ಹಾಡು ಕೇಳ್ಬೋದಾ ಡಾಕ್ಟ್ರೇ ಅಂತ ಕೇಳ್ದೆ, ಅವ್ರು ನಕ್ಕು, ಧಾರಾಳವಾಗಿ ಕೇಳಮ್ಮ, ಮಧ್ಯ ಮಧ್ಯ ನಮ್ಮ ಮಾತೂ ಸ್ವಲ್ಪ ಕೇಳು ಅಂದ್ರು. ಯಾವ ಥರದ್ದು ಕೇಳ್ಬೇಕು ಅಂತ ವಿಚಾರಿಸೋಣ ಅಂದ್ರೆ ಹೊರಗಡೆ ಬೆಂಚ್ ತುಂಬಾ ಜನ ಕಾಯ್ತಿದ್ರು, ಎದ್ದು ಬಂದೆ.

ಈಗ ಮನೇಲಿ ಒಬ್ಬೊಬ್ರದ್ದು ಒಂದೊಂದು. ಅಮ್ಮ ಸಹಸ್ರನಾಮ ಹಾಕ್ಕೋ ಬೇರೇನೂ ಬೇಡ ಅಂತಾರೆ. ಗಂಡ ಕಾಲೇಜ್ ಟೈಮಿನ ಸಿನಿಮಾ ಹಾಡೆಲ್ಲ ಸೇರ್ಸಿ ಒಂದು ಲಿಸ್ಟ್ ಕಳ್ಸಿದಾರೆ, ಅದ್ರಲ್ಲಿ ಅರ್ಧ ಕುಣಿಯೋ ಹಾಡು, ನಾನ್ ಏನ್ ಅಲ್ಲಿ ಆರ್ಕೆಸ್ಟ್ರಾಗೆ ಹೋಗ್ತಿದೀನಾ? ಪ್ರೆಗ್ನೆನ್ಸಿ ಆಪಲ್ಲಿ ಸಮುದ್ರದ ಅಲೆ, ಮಳೆ, ತಿಮಿಂಗಿಲದ ಕೂಗು ಎಲ್ಲ ಇದೆ, ಅಲೆ ಸದ್ದು ಐದು ನಿಮಿಷ ಕೇಳಿದ್ರೆ ನನಗೆ ಬಾತ್ರೂಮಿಗೆ ಓಡ್ಬೇಕು ಅನ್ಸುತ್ತೆ, ಈ ತಿಂಗಳಲ್ಲಿ ಅದೊಂದು ಕಮ್ಮಿ ಆಗಿತ್ತು. ಪಕ್ಕದ್ಮನೆ ಆಂಟಿ ಬಂದು ಮೊಜಾರ್ಟ್ ಕೇಳಿದ್ರೆ ಮಗು ಬುದ್ಧಿವಂತ ಆಗುತ್ತಂತೆ ಅಂತ ಬೇರೆ ಹೇಳಿ ಹೋದ್ರು.

ನಿಜವಾಗ್ಲೂ ಲೇಬರ್ ಟೈಮಲ್ಲಿ ಹಾಡು ಕೇಳಿದೋರು ಯಾರಾದ್ರೂ ಇದೀರಾ? ಸಾಹಿತ್ಯ ಇರೋದು ಒಳ್ಳೇದಾ, ಬರೀ ಕೊಳಲು ವೀಣೆ ಥರದ್ದು ಒಳ್ಳೇದಾ? ಇಯರ್‌ಫೋನಾ ಸ್ಪೀಕರ್ರಾ? ಇಷ್ಟದ ಹಾಡು ಹಾಕ್ಕೊಂಡ್ರೆ ಆಮೇಲೆ ಆ ಹಾಡು ಕೇಳಿದಾಗೆಲ್ಲ ನೋವೇ ನೆನಪಾಗುತ್ತಾ? ಮೆಡಿಕಲ್ ಸಲಹೆ ಬೇಡ, ಅದಕ್ಕೆ ಡಾಕ್ಟ್ರಿದಾರೆ, ಅನುಭವ ಹೇಳಿ ಸಾಕು.

ತೀರ್ಥಹಳ್ಳಿಅಮ್ಮ:
ಎರಡು ಹೆತ್ತಿದೀನಿ, ಎರಡಕ್ಕೂ ಹಾಡು ಇತ್ತು, ಹಾಗಾಗಿ ಬರೀಬಹುದು ಅನ್ಸುತ್ತೆ.

ಮೊದಲು ಒಂದು ವಿಷ್ಯ ತಿಳ್ಕೊಳಿ, ಮೊದಲ್ನೇ ಹೆರಿಗೆ ಅಂದ್ರೆ ಸಿನಿಮಾದಲ್ಲಿ ತೋರಿಸೋ ಹಾಗೆ ಅಯ್ಯೋ ಅಂದು ಎರಡು ನಿಮಿಷಕ್ಕೆ ಮಗು ಅಳೋದಲ್ಲ. ಶುರುವಿನ ನೋವು ಬರುತ್ತೆ ಹೋಗುತ್ತೆ ಬರುತ್ತೆ ಹೋಗುತ್ತೆ, ರಾತ್ರಿಯೆಲ್ಲ ಹಾಗೇ ನಡೀಬಹುದು. ಈ ಭಾಗದಲ್ಲಿ ಮೇನ್ ಪ್ರಾಬ್ಲಂ ನೋವಲ್ಲ, ಬೇಜಾರು ಮತ್ತೆ ಹೆದರಿಕೆ. ಎಲ್ರೂ ನಿಮ್ಮ ಮುಖಾನೇ ನೋಡ್ತಾ ಕೂತಿರ್ತಾರೆ. ಹಾಡು ನನಗೆ ಕೆಲ್ಸಕ್ಕೆ ಬಂದಿದ್ದು ಇಲ್ಲಿ. ಮನೆ ಜಗಲೀಲಿ ಆ ಕಡೆಯಿಂದ ಈ ಕಡೆ ನಡೀತಾ ಹಳೇ ಸಿನಿಮಾ ಹಾಡು, ಭಾವಗೀತೆ, ಯಕ್ಷಗಾನದ ಪದ ಎಲ್ಲ ಕೇಳ್ದೆ. ನಡೆಯೋಕೆ ಸ್ವಲ್ಪ ಲಯ ಇರೋದೇ ಬೇಕು, ನಿಮ್ಮ ಯಜಮಾನ್ರ ಕುಣಿಯೋ ಹಾಡನ್ನ ಪೂರ್ತಿ ಎಸೀಬೇಡಿ.

ಆಸ್ಪತ್ರೆಗೆ ಹೋಗಿ ನೋವು ಜೋರಾದ್ಮೇಲೆ ಕಥೆನೇ ಬೇರೆ. ಸಾಹಿತ್ಯ ಇರೋ ಹಾಡು ತಡ್ಕೊಳೋಕೇ ಆಗ್ಲಿಲ್ಲ, ಯಾರೋ ಕಿವಿ ಹತ್ರ ಕೂತು ಹರಟೆ ಹೊಡೀತಿದಾರೆ ಅನ್ನಿಸ್ತು. ಕಿತ್ತು ಬಿಸಾಕ್ದೆ. ಎರಡನೇದ್ರಲ್ಲಿ ಬರೀ ಕೊಳಲು ಇಟ್ಕೊಂಡಿದ್ದೆ, ಅದು ಕೊನೇವರೆಗೂ ನಡೀತು, ಅಂದ್ರೆ ನಾನು ಕೇಳ್ತಿದ್ದೆ ಅಂತಲ್ಲ, ಇತ್ತು ಅಷ್ಟೇ, ಹಿಂದಗಡೆ ಮಳೆ ಬರ್ತಿದ್ರೆ ಇರುತ್ತಲ್ಲ ಹಾಗೆ.

ಇಷ್ಟದ ಹಾಡಿನ ಬಗ್ಗೆ ಕೇಳಿದ್ರಲ್ಲ, ದಯವಿಟ್ಟು ಮದ್ವೆ ಟೈಮಿನ ಹಾಡು, ತುಂಬಾ ಹತ್ತಿರದ ಹಾಡು ಹಾಕ್ಬೇಡಿ. ಮೊದಲ್ನೇದ್ರಲ್ಲಿ ಕೇಳಿದ ಒಂದು ಹಾಡು ಈಗ್ಲೂ ಬಸ್ಸಲ್ಲಿ ಬಂದ್ರೆ ನಂಗೆ ಕಿಬ್ಬೊಟ್ಟೆ ಹಿಡ್ಕೊಳುತ್ತೆ. ಒಳ್ಳೇ ಹಾಡು ಪಾಪ.

ಧಾರವಾಡದಾಕಿ:
ತೀರ್ಥಹಳ್ಳಿ ಅಕ್ಕಾರ, ಕಡೀ ಮಾತು ನಾ ಒಪ್ಪೂದಿಲ್ರಿ. ನಂದು ಪೂರಾ ಉಲ್ಟಾ ಆತು. ಬ್ಯಾನಿ ತಿನ್ನೂ ಮುಂದ ಕೇಳಿದ್ದನ್ನ ಈಗ ಕೇಳಿದ್ರ ನನಗ ಮಗನ ಮಾರಿನ ನೆನಪಾಗ್ತದ. ಒಬ್ಬೊಬ್ಬರದ್ದು ಒಂದೊಂದು ತರಾ ಇರ್ತದ, ಅದಕ್ಕ ಹಿಂಗ ಮಾಡಬ್ಯಾಡ್ರಿ ಅಂತ ಹೇಳೂದು ಕಷ್ಟ ಐತಿ.

ನಮ್ಮ ಮನ್ಯಾಗ ಮೊದಲಿಂದ ಹಿಂದೂಸ್ತಾನಿ ಹುಚ್ಚು. ಧಾರವಾಡದಾಗ ಅದೇನ್ ದೊಡ್ಡ ಮಾತಲ್ಲ ಬಿಡ್ರಿ, ಇಲ್ಲೆ ಓಣಿಗೊಬ್ಬರು ತಂಬೂರಿ ಹಿಡಕೊಂಡವರು ಸಿಗ್ತಾರ. ನಾ ಮಾಡಿದ್ದು ಏನಂದ್ರ, ಖಯಾಲದ ವಿಲಂಬಿತ, ಅಂದ್ರ ನಿಧಾನ ಹಾಡೂ ಭಾಗ ಅಷ್ಟ ಕಟ್ ಮಾಡಿ ಇಟಗೊಂಡಿದ್ದೆ. ಯಾಕ ಅಂತ ಹೇಳ್ತೀನಿ. ವಿಲಂಬಿತ ಏಕತಾಲಕ್ಕ ಹನ್ನೆರಡು ಮಾತ್ರಾ, ಅಂದ್ರ ಎಣಿಕಿ, ಕಿರಾನಾ ಘರಾಣೆದವರು ನಿಧಾನ ಹಾಡಿದ್ರ ತಾಲದ ಒಂದು ಸುತ್ತು (ಆವರ್ತನ) ಮುಗೀಲಿಕ್ಕೆ ಮುಕ್ಕಾಲು ನಿಮಿಷ, ಕೆಲವೊಮ್ಮೆ ನಿಮಿಷದ ಹತ್ರ ಹೋಗ್ತದ. ಒಂದು ಬ್ಯಾನಿ ಎಷ್ಟೊತ್ತು ಇರ್ತದ? ಅಷ್ಟ. ಭೀಮಸೇನ ಜೋಶಿಯವರದ್ದರ ಹಚ್ಚರಿ, ಗಂಗೂಬಾಯಿ ಹಾನಗಲ್ಲರದ್ದರ ಹಚ್ಚರಿ, ಬ್ಯಾನಿ ಏರಲಿಕ್ಕೆ ಹತ್ತಿದಾಗ ಕಣ್ಣು ಮುಚ್ಚಿ ಅವರ ಜೋಡಿ ಹೊಂಟಬಿಡೂದು, ಸಮ್, ಅಂದ್ರ ತಾಲದ ಒಂದನೇ ಮಾತ್ರಾ, ತಿರುಗಿ ಬರೂತನಕ ಉಸರು ಬಿಡಕೋತ ಇರೂದು. ಸಮ್ ಬರ್ತದ ಅಂತ ಗೊತ್ತಿರ್ತದಲ್ಲ, ಆ ಒಂದು ನಂಬಿಗಿ ಭಾಳ ದೊಡ್ಡದು. ಬ್ಯಾನಿ ಏನ್ ತಾಲಕ್ಕ ಸರಿಯಾಗಿ ಒಂದನೇ ಮಾತ್ರಾಕ್ಕ ಶುರು ಆಗೂದಿಲ್ಲ, ಏಳನೇದ್ದಕ್ಕ ಎದ್ದು ಕುಂಡರ್ತದ, ಆದರೂ ನಡೀತದ.

ದ್ರುತ್, ಅಂದ್ರ ಜೋರ ಓಡೂ ಭಾಗ, ಬ್ಯಾಡ್ರಿ. ತಾನ್ ಮ್ಯಾಲ ತಾನ್ ಬರಲಿಕ್ಕೆ ಹತ್ತಿದ್ರ ಎದಿ ಧಡಧಡ ಅಂತದ, ಅಲ್ಲೆ ಅದು ಬ್ಯಾಡ.

ನಮ್ಮ ಮಾವನವರು ಭಾರೀ ಶಿಸ್ತಿನವರು, ರಾತ್ರಿ ಹೋದ್ರ ಮಾಲಕಂಸ ರಾಗ ಇರಲಿ, ಬೆಳಕು ಹರಿಯೂ ಮುಂದ ಲಲಿತ, ಆಮ್ಯಾಲ ತೋಡಿ ಅಂತ ಪ್ರಹರದ ಪ್ರಕಾರ ಬರದು ಕೊಟ್ಟಿದ್ರು. ಕೂಸು ಹುಟ್ಟಿದ್ದು ಮಟಮಟ ಮಧ್ಯಾಹ್ನ, ಆವಾಗ ಏನ್ ನಡದಿತ್ತು ಅಂದ್ರ ಮಾಲಕಂಸನ. ಇನ್ನೂ ಬೈತಾರ ನನಗ.

ಹಾಂ, ಇದು ಶಾಸ್ತ್ರೀಯ ಕೇಳಿ ರೂಢಿ ಇದ್ದವರಿಗೆ ಮಾತ್ರ. ರೂಢಿ ಇಲ್ಲಂದ್ರ ಆ ಹೊತ್ತಿನ್ಯಾಗ ಹೊಸದಾಗಿ ಕಲೀಲಿಕ್ಕೆ ಹೋಗಬ್ಯಾಡ್ರಿ, ಸಿಟ್ಟು ಬರ್ತದ. ಅಂಥವರು ಫೋನಿನ್ಯಾಗ ಬರೀ ತಂಬೂರಿ ಹಚ್ಚಿಕೊಳ್ರಿ, ಅದರ ಆಪ್ ಫುಕಟ್ ಸಿಗ್ತಾವ. ಒಂದ ಸಮ ಇರ್ತದ, ನಿಮ್ಮ ಶ್ರುತಿಗೆ ನೀವು ನರಳಬಹುದು. ಚಾಷ್ಟಿ ಅಲ್ರಿ, ಬಾಯಿ ಬಿಚ್ಚಿ ಕೆಳಗಿನ ಸ್ವರದಾಗ ಆಂ ಅಂತ ದನಿ ಬಿಟ್ರ ಹಲ್ಲು ಕಚ್ಚಿ ಹಿಡಿಯೂದು ತಪ್ಪತದ.

ಸುಮ್ನೆ_ಓದೋನು:
ಎಲ್ಲ ಓದ್ದೆ. ನಮ್ಮಮ್ಮ ಆರು ಮಕ್ಳನ್ನ ಮನೇಲೇ ಹೆತ್ರು, ಯಾವ ಪ್ಲೇಲಿಸ್ಟೂ ಇರ್ಲಿಲ್ಲ, ಯಾವ ಇಯರ್‌ಫೋನೂ ಇರ್ಲಿಲ್ಲ. ಈಗಿನೋರಿಗೆ ಎಲ್ಲದಕ್ಕೂ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಬೇಕು.

ತೀರ್ಥಹಳ್ಳಿಅಮ್ಮ:
@ಸುಮ್ನೆ_ಓದೋನು ಹೆತ್ತಿದ್ದು ನಿಮ್ಮಮ್ಮ ತಾನೇ, ಅವ್ರನ್ನೇ ಕೇಳಿ ಬಂದು ಬರೀರಿ, ಅವ್ರು ಹೇಳೋದನ್ನ ನಾವು ಖಂಡಿತ ಓದ್ತೀವಿ.

ಹೊಸಅಪ್ಪ:
ಗಂಡನ ಕಡೆಯಿಂದ ಒಂದಿಷ್ಟು. ನಮ್ಮ ಪಾಪು ಹುಟ್ಟಿ ಇನ್ನೂ ಐದು ತಿಂಗಳು, ನಿದ್ದೆ ಇಲ್ಲ, ತಪ್ಪಿದ್ರೆ ಕ್ಷಮಿಸಿ.

ಹಾಡು ಯಾವ್ದು ಅನ್ನೋದು ಆಮೇಲೆ, ಮೊದಲು ಅದು ಪ್ಲೇ ಆಗ್ಬೇಕಲ್ಲ. ಲೇಬರ್ ರೂಮುಗಳು ಕಟ್ಟಡದ ಒಳಗಡೆ ಎಲ್ಲೋ ಇರುತ್ವೆ, ನಾವು ಹೋದ ಕಡೆ ನೆಟ್‌ವರ್ಕ್ ಒಂದು ಕಡ್ಡಿ. ಯೂಟ್ಯೂಬ್ ನಂಬ್ಕೊಂಡು ಹೋಗ್ಬೇಡಿ, ಬಫರ್ ಆಗಿ ಆಗಿ ಬರುತ್ತೆ, ಬಂದ್ರೂ ನೋವಿನ ಮಧ್ಯ ಯಾವನೋ ಬಂದು ಆನ್‌ಲೈನ್ ರಮ್ಮಿ ಆಡಿ ಅಂತ ಕಿರುಚ್ತಾನೆ. ನನ್ನ ಹೆಂಡ್ತಿ ಆ ಜಾಹೀರಾತಿನವ್ನಿಗೆ ಬೈದಿದ್ದು ಕೇಳಿ ಸಿಸ್ಟರ್ ನನಗೇ ಬೈತಿದಾಳೆ ಅಂದ್ಕೊಂಡು ನನ್ನ ಹೊರಗೆ ಕಳ್ಸೋಕೆ ನೋಡಿದ್ರು. ಎಲ್ಲ ಡೌನ್‌ಲೋಡ್ ಮಾಡಿ ಫೋನಲ್ಲೇ ಇಟ್ಕೊಳಿ.

ಎರಡನೇದು ಕಾಲ್‌ಗಳು. ಆಸ್ಪತ್ರೆಗೆ ಸೇರಿದಾರೆ ಅಂತ ಒಬ್ರಿಗೆ ಗೊತ್ತಾದ್ರೆ ಸಾಕು, ಚಿಕ್ಕಮ್ಮ, ದೊಡ್ಡಪ್ಪ, ಅತ್ತೆ ಮಗಳು, ಆಫೀಸಿನೋರು ಸಾಲಾಗಿ ಫೋನ್. ಆಯ್ತಾ? ಇನ್ನೂ ಆಗಿಲ್ವಾ? ಏನಂತೆ? ಪ್ರತಿ ಸಲ ಹಾಡು ನಿಂತು ರಿಂಗ್ ಕಿವಿಯೊಳಗೇ ಹೊಡೆಯುತ್ತೆ. ಹಾಡಿಗೆ ಒಂದು ಹಳೇ ಫೋನ್, ಸಿಮ್ ಇಲ್ದೆ, ಬೇರೇನೇ ಇಟ್ಬಿಡಿ.

ಬ್ಲೂಟೂತ್ ಇಯರ್‌ಬಡ್ ಒಂದು ಚಾರ್ಜಿಗೆ ನಾಲ್ಕೈದು ಗಂಟೆ ಬರ್ಬಹುದು, ಲೇಬರ್ ಅದಕ್ಕಿಂತ ಜಾಸ್ತಿ ಹೋಗುತ್ತೆ. ಒಂದು ಕಿವಿಗೆ ಒಂದು ಹಾಕಿ, ಇನ್ನೊಂದು ಡಬ್ಬೀಲಿ ಚಾರ್ಜ್ ಆಗ್ತಿರ್ಲಿ, ಬದ್ಲಾಯಿಸ್ತಾ ಇದ್ರೆ ಆಯ್ತು. ವೈರ್ ಇರೋದಕ್ಕೆ ಚಾರ್ಜಿನ ಗೋಳಿಲ್ಲ, ಆದ್ರೆ ಕೈಗೆ ಡ್ರಿಪ್ಪು, ಹೊಟ್ಟೆಗೆ ಮಾನಿಟರ್ ಬೆಲ್ಟು, ಅದ್ರ ಜೊತೆ ಇದೊಂದು ವೈರ್ ಬೇರೆ, ಮಗ್ಗುಲಾದಾಗೆಲ್ಲ ಸಿಕ್ಕಾಕ್ಕೊಳುತ್ತೆ.

ಮೊಜಾರ್ಟ್ ಬಗ್ಗೆ ಆಂಟಿ ಹೇಳಿದ್ದಕ್ಕೆ: ಆ ಸುದ್ದಿ ಹುಟ್ಟಿದ್ದು 1993ರಲ್ಲಿ ನೇಚರ್ ಪತ್ರಿಕೇಲಿ ಬಂದ ಒಂದು ಚಿಕ್ಕ ಪ್ರಯೋಗದಿಂದ. ಅದ್ರಲ್ಲಿ ಕೇಳಿಸಿದ್ದು ಕಾಲೇಜ್ ಹುಡುಗರಿಗೆ, ಮಕ್ಕಳಿಗಲ್ಲ. ಹತ್ತು ಹದಿನೈದು ನಿಮಿಷ ಒಂದು ಥರದ ಪಜಲ್ ಸ್ವಲ್ಪ ಚೆನ್ನಾಗಿ ಮಾಡಿದ್ರು ಅಂತ, ಅಷ್ಟೇ. ಅದನ್ನ ಹಿಡ್ಕೊಂಡು 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟೋ ಮಕ್ಕಳಿಗೆಲ್ಲ ಸಿಡಿ ಹಂಚೋಕೆ ಹೊರಟ್ರು. ಬುದ್ಧಿಗೋಸ್ಕರ ಕೇಳ್ಬೇಡಿ, ಇಷ್ಟ ಇದ್ರೆ ಕೇಳಿ.

ಮೈಸೂರ್‌ಮಗಳು:
ಅಯ್ಯೋ ರಮ್ಮಿ 😂 ಇದನ್ನ ನಮ್ಮೋರಿಗೆ ಓದಿ ಹೇಳ್ದೆ, ಇವತ್ತೇ ಹಳೇ ಫೋನ್ ಹುಡುಕ್ತಿದಾರೆ.

ಧಾರವಾಡದೋರೇ ನಾನು ವಿದ್ಯಾರ್ಥಿನಿ ಇದ್ದಾಗ ನಾಲ್ಕು ವರ್ಷ ವೀಣೆ ಕಲ್ತಿದ್ದೆ, ಕರ್ನಾಟಕ ಸಂಗೀತ, ಆಮೇಲೆ ಬಿಟ್ಟೋಯ್ತು. ಆಲಾಪನೆ ಮಾತ್ರ ಹಾಕ್ಕೊಂಡ್ರೆ ನಿಮ್ಮ ವಿಲಂಬಿತದ ಥರ ಕೆಲ್ಸ ಮಾಡುತ್ತಾ? ತಾಳ ಇರಲ್ವಲ್ಲ ಅದ್ರಲ್ಲಿ. ಮತ್ತೆ ಜೋಗುಳಕ್ಕೆ ನೀಲಾಂಬರಿ ರಾಗ ಅಂತಾರಲ್ಲ, ಅದು ಹಾಕಿದ್ರೆ ಜಾಸ್ತಿ ನಿದ್ದೆ ಬಂದು ಪುಶ್ ಮಾಡೋಕೇ ಆಗ್ದೆ ಹೋದ್ರೆ ಅಂತ ಒಂದು ದಡ್ಡ ಡೌಟು.

ಲೇಬರ್‌ವಾರ್ಡ್_ಸಿಸ್ಟರ್:
ನಾನು ತಾಲೂಕು ಆಸ್ಪತ್ರೇಲಿ ಸ್ಟಾಫ್ ನರ್ಸ್, ಸುಮಾರು ವರ್ಷದಿಂದ ಲೇಬರ್ ವಾರ್ಡಲ್ಲೇ ಇದೀನಿ. ನೈಟ್ ಡ್ಯೂಟಿ ಮುಗಿಸಿ ಬಂದು ಬರೀತಿದೀನಿ, ಉದ್ದ ಆಗುತ್ತೆ.

ಮೊದಲು ಆ ಡೌಟಿಗೆ, ನೀಲಾಂಬರಿ ಕೇಳಿ ಪುಶ್ ಮಾಡೋಕಾಗ್ದೆ ಹೋದೋರನ್ನ ನಾನಂತೂ ಕಂಡಿಲ್ಲ ತಾಯಿ. ಎರಡು ನೋವಿನ ಮಧ್ಯ ನಿದ್ದೆ ಬಂದ್ರೆ ಪುಣ್ಯ ಮಾಡಿದೀರ ಅಂದ್ಕೊಳಿ. ಎಷ್ಟೋ ಜನ ಆ ಎರಡು ನಿಮಿಷದಲ್ಲೇ ಗೊರಕೆ ಹೊಡೀತಾರೆ, ನೋವು ಬಂದಾಗ ಎದ್ದು ಸಿಸ್ಟರ್ ಅಂತ ಕೂಗ್ತಾರೆ, ಮತ್ತೆ ಗೊರಕೆ.

ಲೆಕ್ಕ ಹೇಳ್ತೀನಿ, ಪ್ಲೇಲಿಸ್ಟ್ ಮಾಡೋಕೆ ಉಪಯೋಗಕ್ಕೆ ಬರುತ್ತೆ. ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆಯೋವರೆಗೂ ಶುರುವಿನ ಹಂತ, ಇದಕ್ಕೆ ಇಷ್ಟೇ ಹೊತ್ತು ಅಂತ ಇಲ್ಲ. ಅಲ್ಲಿಂದ 10ಕ್ಕೆ ಹೋಗೋದು ಜೋರು ಹಂತ, ಮೊದಲ ಹೆರಿಗೇಲಿ ಸಾಮಾನ್ಯವಾಗಿ 12 ಗಂಟೆ ಮೀರಲ್ಲ. ಈ ಹಂತದಲ್ಲಿ ನಾವು ಹತ್ತು ನಿಮಿಷಕ್ಕೆ ಎಷ್ಟು ನೋವು ಅಂತ ಹೊಟ್ಟೆ ಮೇಲೆ ಕೈಯಿಟ್ಟು ಎಣಿಸ್ತೀವಿ, ಮೂರು ನಾಲ್ಕು ಬರುತ್ತೆ, ಒಂದೊಂದೂ ಮುಕ್ಕಾಲು ನಿಮಿಷದಿಂದ ಒಂದು ನಿಮಿಷ. ಅಂದ್ರೆ ನಿಮ್ಮ ಐದು ನಿಮಿಷದ ಸಿನಿಮಾ ಹಾಡಲ್ಲಿ ಒಂದೂವರೆ ಎರಡು ನೋವು ಬಂದು ಹೋಗಿರುತ್ತೆ, ಪಲ್ಲವಿ ಒಂದು ಕಡೆ ಚರಣ ಒಂದು ಕಡೆ. ಅದಕ್ಕೇ ಆ ಹೊತ್ತಲ್ಲಿ ಚಿಕ್ಕ ಚಿಕ್ಕ ಹಾಡು ಕಿರಿಕಿರಿ ಅನ್ಸೋದು, ಒಂದು ಮುಗಿದು ಇನ್ನೊಂದು ಬೇರೆ ಥರ ಶುರುವಾಗುತ್ತಲ್ಲ. ಅರ್ಧ ಗಂಟೆ ಮುಕ್ಕಾಲು ಗಂಟೆ ಒಂದೇ ಥರ ಹೋಗೋದು ಬೇಕು. ನಿಮ್ಮ ಆಲಾಪನೆ, ಅಮ್ಮ ಹೇಳಿದ ಸಹಸ್ರನಾಮ ಎರಡೂ ಈ ಲೆಕ್ಕಕ್ಕೆ ಸರಿಯಾಗೇ ಇದೆ. ಸಹಸ್ರನಾಮ ಅರ್ಧ ಗಂಟೆ ಒಂದೇ ನಡಿಗೆ, ಚಿಕ್ಕಂದಿನಿಂದ ಕೇಳಿದೋರಿಗೆ ಮುಂದಿನ ಸಾಲು ಏನು ಅಂತ ಯೋಚ್ನೆನೇ ಬೇಡ, ಬಾಯಿ ತಾನೇ ಹೇಳ್ತಿರುತ್ತೆ. ಭಕ್ತಿ ಇದೆಯೋ ಇಲ್ವೋ ಅದು ಬೇರೆ, ಉಸಿರು ಸರಿಹೋಗುತ್ತೆ. ಅಮ್ಮನ ಮಾತನ್ನ ಅಷ್ಟು ಸುಲಭಕ್ಕೆ ತಳ್ಳಿಹಾಕ್ಬೇಡಿ.

ಇದ್ರಿಂದ ನೋವು ಹೋಗುತ್ತಾ ಅಂದ್ರೆ ಹೋಗಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರ ಹೆರಿಗೆ ಮಾರ್ಗಸೂಚೀಲಿ ಉಸಿರಾಟ, ಮಸಾಜು ಇವುಗಳ ಜೊತೆ ಸಂಗೀತಾನೂ ಸೇರ್ಸಿದೆ, ಹೆಂಗಸಿಗೆ ಬೇಕು ಅನ್ನಿಸಿದ್ರೆ ಅಂತ. ಅದೇ ವರ್ಷ ಕಾಕ್ರೇನ್ ಅನ್ನೋ ವೈದ್ಯಕೀಯ ಸಂಶೋಧನೆ ಪರಿಶೀಲಿಸೋ ಸಂಸ್ಥೆಯೋರು ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡ್ದಾಗ ಶುರುವಿನ ಹಂತದಲ್ಲಿ ಸ್ವಲ್ಪ ಕಮ್ಮಿ ಅನ್ನಿಸಬಹುದು, ಜೋರು ಹಂತದಲ್ಲಿ ಅಂಥ ವ್ಯತ್ಯಾಸ ಕಾಣಲ್ಲ, ಪುರಾವೆನೂ ಗಟ್ಟಿ ಇಲ್ಲ ಅಂತ ಬಂತು. ವಾರ್ಡಲ್ಲಿ ನಾವು ನೋಡೋದೂ ಹಾಗೇ, ತೀರ್ಥಹಳ್ಳಿಯವ್ರು ಬರ್ದಿದ್ದೂ ಅದೇ. ಹಾಗಾಗಿ ಹಾಡಿದೆಯಲ್ಲ ಅಂತ ಎಪಿಡ್ಯೂರಲ್ (ನೋವು ಕಮ್ಮಿ ಮಾಡೋಕೆ ಬೆನ್ನಿಗೆ ಕೊಡೋ ಔಷಧಿ) ಬೇಡ ಅಂತ ಮೊದಲೇ ಹಠ ಹಿಡೀಬೇಡಿ. ಬೇಕು ಅನ್ನಿಸಿದ್ರೆ ಕೇಳಿ, ಅದ್ರಲ್ಲಿ ಸೋಲು ಅನ್ನೋದೇನಿಲ್ಲ.

ಇಯರ್‌ಫೋನ್ ಒಂದೇ ಕಿವಿಗೆ. ದಯವಿಟ್ಟು. ಎರಡೂ ಕಿವಿ ಮುಚ್ಕೊಂಡು ಕಣ್ಣೂ ಮುಚ್ಕೊಂಡಿದ್ರೆ ಒಳಗೆ ಪರೀಕ್ಷೆ ಮಾಡೋಕೆ ಬಂದೋರು ಮುಟ್ಟಿದ ತಕ್ಷಣ ಹೌಹಾರ್ತೀರ. ಮುಕ್ಕೋ ಟೈಮ್ ಬಂದಾಗ ಪೂರ್ತಿ ತೆಗೀರಿ. ಈಗ ಮುಕ್ಕಿ, ಈಗ ನಿಲ್ಲಿಸಿ, ಬರೀ ಉಸಿರು ಬಿಡಿ ಅಂತ ನಾವು ಹೇಳೋದು ಆ ಕ್ಷಣಕ್ಕೇ ಕೇಳಿಸ್ಬೇಕು, ತಲೆ ಹೊರಗೆ ಬರೋವಾಗ ನಿಲ್ಲಿಸಿ ಅಂದಾಗ ನಿಲ್ಲಿಸ್ದಿದ್ರೆ ಹರಿಯೋದು ಜಾಸ್ತಿ ಆಗ್ಬಹುದು. ಇದ್ದಕ್ಕಿದ್ದ ಹಾಗೆ ಆಪರೇಷನ್ ಥಿಯೇಟರಿಗೆ ಶಿಫ್ಟ್ ಮಾಡ್ಬೇಕಾಗಿ ಬಂದ್ರೆ ಬಳೆ ಸರದ ಜೊತೆ ಅದನ್ನೂ ಬಿಚ್ಚಿಸ್ತಾರೆ, ಆಗ ಜಗಳ ಆಡ್ಬೇಡಿ. ಬೆನ್ನಿಗೆ ಸ್ಪೈನಲ್ ಇಂಜೆಕ್ಷನ್ ಕೊಟ್ಟು ಮಾಡೋ ಸಿಸೇರಿಯನ್‌ನಲ್ಲಿ ನಿಮಗೆ ಎಚ್ಚರ ಇರುತ್ತೆ, ಅಲ್ಲಿ ಹಾಡು ಬೇಕಿದ್ರೆ ಅನಸ್ತೇಶಿಯಾ ಡಾಕ್ಟ್ರನ್ನ ಮೊದ್ಲೇ ಕೇಳಿಟ್ಕೊಳಿ, ಕೆಲವ್ರು ಅವ್ರೇ ಹಾಕ್ತಾರೆ.

ಇನ್ನು ಇದನ್ನ ಓದ್ತಿರೋರಲ್ಲಿ ಸರ್ಕಾರಿ ಆಸ್ಪತ್ರೆಗೆ ಹೋಗೋರಿಗೆ. ನಮ್ಮಲ್ಲಿ ಒಂದೇ ರೂಮಲ್ಲಿ ನಾಲ್ಕೈದು ಟೇಬಲ್, ಮಧ್ಯ ಪರದೆ. ಸ್ಪೀಕರ್ ಮಾತೇ ಇಲ್ಲ. ಎಷ್ಟೋ ಕಡೆ ಫೋನೂ ಒಳಗೆ ಬಿಡಲ್ಲ, ಯಾಕಂದ್ರೆ ಪಕ್ಕದ ಟೇಬಲ್ ಹೆಂಗಸಿನ ಫೋಟೋ ವಿಡಿಯೋ ಹೋಗ್ಬಾರ್ದು ಅಂತ, ಅದು ಸರಿಯಾದ ನಿಯಮಾನೇ. ಕ್ಯಾಮೆರಾ ಇಲ್ದಿರೋ ಹಳೇ ಕೀಪ್ಯಾಡ್ ಸೆಟ್ಟಲ್ಲಿ ಮೆಮೊರಿ ಕಾರ್ಡ್ ಹಾಕಿ ಹಾಡು ತುಂಬ್ಕೊಂಡು ಬಂದ್ರೆ ನಾವು ಬಿಟ್ಟಿದೀವಿ, ಬೇರೆ ಕಡೆ ಕೇಳಿ ನೋಡಿ. ಅದಕ್ಕಿಂತ ಮುಖ್ಯವಾಗಿ ಜೊತೆಗೊಬ್ಬರನ್ನ ಇಟ್ಕೊಳಿ. ಸರ್ಕಾರಿ ಆಸ್ಪತ್ರೇಲೂ ಹೆರಿಗೆ ಟೈಮಲ್ಲಿ ಜೊತೆಗಾತಿ ಇರ್ಬಹುದು ಅಂತ ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ, ಲೇಬರ್ ರೂಮಿನ ಗುಣಮಟ್ಟ ಸುಧಾರಿಸೋಕೆ 2017ರ ಕೊನೇಲಿ ಬಂದ ಲಕ್ಷ್ಯ ಕಾರ್ಯಕ್ರಮದಲ್ಲೂ ಇದೆ. ಹೆತ್ತು ಅನುಭವ ಇರೋ ಹೆಂಗಸಾದ್ರೆ ಒಳ್ಳೇದು, ಗಂಡನ್ನ ಬಿಡೋದು ಮರೆ ಇರೋ ರೂಮಾದ್ರೆ ಮಾತ್ರ. ಅತ್ತೆನೋ ಅಕ್ಕನೋ ಬಂದು ಕೈ ಹಿಡ್ಕೊಂಡು ಸಣ್ಣಗೆ ದೇವರ ಪದ ಹೇಳ್ತಿದ್ರೆ ಪಕ್ಕದ ಟೇಬಲ್‌ನೋಳೂ ಸುಮ್ನಾಗೋದನ್ನ ನೋಡಿದೀನಿ ನಾನು.

ಸುಮ್ನೆ_ಓದೋನು:
ಅಮ್ಮನ್ನ ಕೇಳ್ದೆ. ಅವ್ರು ಹೇಳಿದ್ದನ್ನ ಹಾಗೇ ಬರೀತೀನಿ. ಹಾಡು ಗೀಡು ಇರ್ಲಿಲ್ಲವಂತೆ, ಆದ್ರೆ ಸೂಲಗಿತ್ತಿ ಅಜ್ಜಿ ಬಾಯಿ ಮುಚ್ತಾನೇ ಇರ್ಲಿಲ್ಲವಂತೆ. ಬೈತಾ, ಊರ ಸುದ್ದಿ ಹೇಳ್ತಾ, ಯಾರ್ ಮನೆ ಹಸು ಕರು ಹಾಕ್ತು ಅಂತ ಹೇಳ್ತಾ, ಬೆನ್ನು ತಿಕ್ತಾ ಇರೋಳಂತೆ. ಅವ್ಳು ನೀರು ಕಾಯ್ಸೋಕೆ ಎದ್ದು ಹೋದ್ರೆ ಹೆದರಿಕೆ ಆಗ್ತಿತ್ತಂತೆ. ನನ್ನ ಹೆರಿಗೇಲಿ ಮಾತ್ರ ಆ ಅಜ್ಜಿ ಬೇರೆ ಊರಿಗೆ ಹೋಗಿದ್ಲಂತೆ, ಬೇರೆ ಯಾರೋ ಬಂದು ತುಟಿ ಪಿಟಕ್ ಅನ್ದೇ ಕೂತಿದ್ರಂತೆ, ಆರರಲ್ಲಿ ಕಷ್ಟ ಆಗಿದ್ದು ಅದೇ ಅಂದ್ರು. ಈ ವಿಷ್ಯ ಇಷ್ಟು ವರ್ಷ ನನಗೆ ಗೊತ್ತೇ ಇರ್ಲಿಲ್ಲ.

ಲೇಬರ್‌ವಾರ್ಡ್_ಸಿಸ್ಟರ್:
@ಸುಮ್ನೆ_ಓದೋನು ಅಮ್ಮಂಗೆ ನನ್ನ ನಮಸ್ಕಾರ ಹೇಳಿ. ಪಾವಗಡ ಕಡೆಯ ಸೂಲಗಿತ್ತಿ ನರಸಮ್ಮನವ್ರಿಗೆ 2018ರಲ್ಲಿ ಪದ್ಮಶ್ರೀ ಬಂತಲ್ಲ, ಒಂದು ರೂಪಾಯಿ ತಗೊಳ್ದೆ ಸಾವಿರಾರು ಹೆರಿಗೆ ಮಾಡಿಸಿದೋರು, ಅಂಥೋರು ಇಂಜೆಕ್ಷನ್ನು ಮಷೀನು ಇಲ್ದೆ ಮಾಡ್ತಿದ್ದಿದ್ದು ಕೈಯಿಂದ ಮತ್ತೆ ಮಾತಿಂದಾನೇ. ನಮಗೆ ಈಗ ಬರೆಯೋ ಫಾರಂ ಜಾಸ್ತಿಯಾಗಿ ಮಾತು ಕಮ್ಮಿಯಾಗಿದೆ, ನಿಜ.

ಭಟ್ಕಳ_ಹುಡುಗಿ:
ನಾನು ಹಾಡು ಕೇಳ್ಲಿಲ್ಲ, ಕುರಾನ್ ಪಠಣ ಕೇಳಿದ್ದೆ, ಇಲ್ಲಿ ಹೇಳ್ಬಹುದು ಅಲ್ವಾ. ನಮ್ಮ ಮನೆಗಳಲ್ಲಿ ಹೆರಿಗೆ ಹತ್ರ ಬಂದಾಗ ಸೂರಃ ಮರ್ಯಮ್ ಅನ್ನೋ ಅಧ್ಯಾಯ ಓದೋದು ಕೇಳೋದು ರೂಢಿ. ಅದ್ರಲ್ಲಿ ಯೇಸುವಿನ ತಾಯಿ ಮರ್ಯಮ್ ಒಬ್ಬಳೇ ಹೆರಿಗೆ ನೋವು ತಡೀಲಾರ್ದೆ ಖರ್ಜೂರದ ಮರದ ಬುಡಕ್ಕೆ ಬಂದು ಇದಕ್ಕಿಂತ ಮೊದಲೇ ನಾನು ಸತ್ತಿದ್ರೆ ಚೆನ್ನಾಗಿತ್ತು ಅಂತಾಳೆ, ಆಗ ಕೆಳಗಿಂದ ದನಿ ಬರುತ್ತೆ, ದುಃಖಿಸ್ಬೇಡ, ಮರ ಅಲುಗಿಸು, ಹಣ್ಣು ಬೀಳುತ್ತೆ, ತಿನ್ನು, ಕುಡಿ ಅಂತ. ಸತ್ತಿದ್ರೆ ಚೆನ್ನಾಗಿತ್ತು ಅಂತ ಅವಳಿಗೂ ಅನ್ನಿಸಿತ್ತಲ್ಲ, ನನಗೆ ಅನ್ನಿಸಿದ್ರೆ ಏನ್ ತಪ್ಪು ಅಂತ ಆ ರಾತ್ರಿ ತುಂಬಾ ಸಮಾಧಾನ ಆಯ್ತು. ಅರ್ಥ ಗೊತ್ತಿದ್ದು ಕೇಳಿದ್ದಕ್ಕೇ ಅದು ಆಗಿದ್ದು. ಹಾಗಾಗಿ ಸಾಹಿತ್ಯ ಬೇಡವೇ ಬೇಡ ಅನ್ನೋದನ್ನ ನಾನು ಒಪ್ಪಲ್ಲ, ಯಾವ ಮಾತು ಅನ್ನೋದ್ರ ಮೇಲೆ ಇದೆ.

ಇನ್ನೊಂದು, ಮಗು ಹುಟ್ಟಿದ ತಕ್ಷಣ ಕಿವೀಲಿ ಅಜಾನ್ ಹೇಳೋದಿರುತ್ತೆ ನಮ್ಮಲ್ಲಿ. ಆಗ ರೂಮಲ್ಲಿ ಬೇರೆ ಸದ್ದು ಬೇಡ ಅಂತ ಸಿಸ್ಟರ್‌ಗೆ ಮೊದ್ಲೇ ಹೇಳಿಟ್ಟಿದ್ವಿ, ಅವ್ರು ಅವ್ರ ಟ್ರೇ ಸದ್ದನ್ನೂ ನಿಲ್ಲಿಸಿ ನಿಂತಿದ್ರು. ನಿಮಗೂ ಆ ಹೊತ್ತಿಗೆ ಏನಾದ್ರೂ ಬೇಕು ಅಂತಿದ್ರೆ ಮೊದ್ಲೇ ಹೇಳಿ, ಆಗ ಹೇಳೋಕೆ ಬಾಯಿ ಬರಲ್ಲ.

ಲೀಡ್ಸ್‌ಕನ್ನಡತಿ:
ನಾನಿರೋದು ಇಂಗ್ಲೆಂಡಲ್ಲಿ. ಇಲ್ಲಿ ಬರ್ತ್ ಪ್ಲಾನ್ ಅಂತ ಬರೆಸ್ಕೊಳ್ತಾರೆ, ಅದ್ರಲ್ಲಿ ಹಾಡು, ಬೆಳಕು ಕಮ್ಮಿ ಬೇಕಾ, ಯಾರಿರ್ಬೇಕು ಎಲ್ಲ ಹಾಕ್ಬಹುದು. ಪ್ರತ್ಯೇಕ ರೂಮು, ಹಾಗಾಗಿ ಸ್ಪೀಕರ್ ತಗೊಂಡು ಹೋಗಿದ್ದೆ. ಸ್ಪೀಕರ್ ಇದ್ರೆ ಒಂದು ಲಾಭ, ರೂಮಿಗೆ ಬಂದೋರೆಲ್ಲ ತಾವಾಗೇ ದನಿ ತಗ್ಗಿಸ್ತಾರೆ. ಶಿಫ್ಟ್ ಮುಗಿಯೋ ಹೊತ್ತಿಗೆ ನಮ್ಮ ಮಿಡ್‌ವೈಫ್ ದಾಸರ ಪದ ಗುನುಗ್ತಾ ನೋಟ್ಸ್ ಬರೀತಿದ್ಲು.

ಇಲ್ಲಿ ನೋವಿಗೆ ಗ್ಯಾಸ್ ಅಂಡ್ ಏರ್ ಕೊಡ್ತಾರೆ, ಅರ್ಧ ನೈಟ್ರಸ್ ಆಕ್ಸೈಡ್ ಅರ್ಧ ಆಕ್ಸಿಜನ್, ನಾವೇ ಬಾಯಿಗಿಟ್ಟು ಎಳ್ಕೊಳೋದು. ಅದು ತಲೆಗೇರಿದಾಗ ಹಾಡು ಎಲ್ಲೋ ದೂರದ ಊರಹಬ್ಬದ ಮೈಕಿಂದ ಬಂದ ಹಾಗೆ ಕೇಳುತ್ತೆ. ಯಾರಾದ್ರೂ ಇಲ್ಲಿಂದ ಓದ್ತಿದ್ರೆ, ಮಾತು ತುಂಬಾ ಇರೋ ಹಾಡು ಗ್ಯಾಸ್ ಜೊತೆ ಬೇಡ, ನನಗೆ ಯಾಕೋ ಸಿಕ್ಕಾಪಟ್ಟೆ ನಗು ಬಂತು, ನಗೋಕೆ ಆಗೋ ಪರಿಸ್ಥಿತಿ ಅಲ್ಲ ಅದು.

ಅಮ್ಮಂಗೆ ವೀಸಾ ಸಿಕ್ಕಿ ಬರೋ ಹೊತ್ತಿಗೆ ಮಗು ಹುಟ್ಟಾಗಿತ್ತು. ಅಮ್ಮ ದೇವ್ರ ಮನೇಲಿ ಬೆಳಗ್ಗೆ ಹೇಳ್ಕೊಳೋದನ್ನ, ಘಂಟೆ ಸದ್ದು ಕುಕ್ಕರ್ ವಿಷಲ್ ಸಮೇತ, ತಂಗಿ ಫೋನಲ್ಲಿ ರೆಕಾರ್ಡ್ ಮಾಡಿ ಕಳ್ಸಿದ್ಲು. ಕೊಳಲು ಆಲಾಪನೆ ಎಲ್ಲ ಇತ್ತು ನನ್ನ ಲಿಸ್ಟಲ್ಲಿ, ಕೊನೇ ಎರಡು ಗಂಟೆ ಅದೊಂದನ್ನೇ ರಿಪೀಟ್ ಹಾಕ್ಸಿದ್ದೆ.

ಧಾರವಾಡದಾಕಿ:
@ಮೈಸೂರ್‌ಮಗಳು ಆಲಾಪನಿ ಚಲೋನ ಆಗ್ತದ್ರಿ. ತಾಲ ಇಲ್ಲಂದ್ರ ಇನ್ನೂ ಚಲೋ, ಎಲ್ಲೆ ಬ್ಯಾನಿ ಬಂದ್ರೂ ಅಲ್ಲಿಂದನ ಹಿಡಕೋಬಹುದು. ವೀಣಿ ನುಡಿಸಿದವರಿಗೆ ವೀಣಿ ಕೇಳಿದ್ರ ಬೆರಳು ತಾನ ಅಲಗಾಡ್ತಾವ, ಲಕ್ಷ್ಯ ಅಲ್ಲೆ ಹೋಗ್ತದ. ತಾನಂ ಬ್ಯಾಡ್ರಿ ಮತ್ತ, ಅದು ಓಡ್ತದ. ಈಗಿಂದನ ದಿನಾ ರಾತ್ರಿ ಮಲಗೂ ಮುಂದ ಅದನ್ನ ಹಚ್ಚಿ ಉದ್ದುದ್ದ ಉಸರು ಬಿಡೂದು ರೂಢಿ ಮಾಡ್ರಿ. ಬ್ಯಾನಿ ಬಂದ ದಿನ ಮೊದಲ ಸಲ ಹಚ್ಚಿದ್ರ ಅದು ಬರೇ ಸದ್ದು.

ಮೈಸೂರ್‌ಮಗಳು:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟೊಂದು ಬರುತ್ತೆ ಅಂದ್ಕೊಂಡಿರ್ಲಿಲ್ಲ. ಸದ್ಯಕ್ಕೆ ಮಾಡ್ಕೊಂಡಿರೋದು ಇದು: ಮನೇಲಿ ನಡೆಯೋಕೆ ನಮ್ಮೋರ ಲಿಸ್ಟು, ತೀರಾ ಗಲಾಟೆಯವನ್ನ ತೆಗೆದು. ಆಸ್ಪತ್ರೆಗೆ ವೀಣೆ ಆಲಾಪನೆ, ಕಲ್ಯಾಣಿ ಮೋಹನ ನೀಲಾಂಬರಿ ಉದ್ದುದ್ದದ್ದು ಹುಡುಕಿ ಇಳಿಸ್ಕೊಂಡಿದೀನಿ. ಸಹಸ್ರನಾಮ ಅಮ್ಮಂದೇ ದನೀಲಿ ರೆಕಾರ್ಡ್ ಮಾಡೋಣ ಅಂದ್ರೆ, ಇವತ್ತು ಗಂಟಲು ಸರಿಯಿಲ್ಲ, ನಾಳೆ ತಲೆಗೆ ಸ್ನಾನ ಮಾಡಿ ಹೇಳ್ತೀನಿ ಅಂತ ಸ್ಟೂಡಿಯೋ ಆರ್ಟಿಸ್ಟ್ ಥರ ಆಡ್ತಿದಾರೆ. ತಿಮಿಂಗಿಲ ಡಿಲೀಟ್.

ಸಿಸ್ಟರ್ ಕೊನೇದೊಂದು, ಮಾನಿಟರ್ ಹಾಕಿದಾಗ ಮಗು ಎದೆಬಡಿತ ಜೋರಾಗಿ ಕೇಳುತ್ತಲ್ಲ ಟಕಟಕಟಕ ಅಂತ, ಅದ್ರ ಜೊತೆ ಹಾಡು ಕೇಳೋದು ಹೇಗೆ? ಹೋದ ಸಲ ಚೆಕಪ್ಪಲ್ಲಿ ಹಾಕ್ದಾಗ ನನ್ನ ಗಮನ ಎಲ್ಲ ಅದ್ರ ಮೇಲೇ ಇತ್ತು, ಒಂಚೂರು ನಿಧಾನ ಆದ್ರೂ ಜೀವ ಬಾಯಿಗೆ ಬರ್ತಿತ್ತು.

ಲೇಬರ್‌ವಾರ್ಡ್_ಸಿಸ್ಟರ್:
ಸೌಂಡ್ ಕಮ್ಮಿ ಮಾಡಿ ಅಂತ ಕೇಳಿ, ಆ ಮಷೀನಿಗೆ ವಾಲ್ಯೂಮ್ ಬಟನ್ ಇದೆ. ಎಷ್ಟೋ ಜನಕ್ಕೆ ಅದು ಗೊತ್ತೇ ಇರಲ್ಲ. ಕಾಗದದ ಮೇಲೆ ಗೆರೆ ಬರ್ತಿರುತ್ತೆ, ನಾವು ನೋಡೋದು ಅದನ್ನೇ. ನಿಮಿಷಕ್ಕೆ 110ರಿಂದ 160ರ ಒಳಗೆ ಏರಿಳಿತ ಇರ್ಲೇಬೇಕು, ಒಂದೇ ಸಮ ಇದ್ರೇನೇ ನಮಗೆ ಯೋಚ್ನೆ. ಬೆಲ್ಟ್ ಸ್ವಲ್ಪ ಜಾರಿದ್ರೂ ಸದ್ದು ಹೋಗುತ್ತೆ, ಅದಕ್ಕೆ ಗಾಬರಿ ಬೀಳ್ಬೇಡಿ, ಕರೀರಿ, ಸರಿ ಮಾಡ್ತೀವಿ. ಕೆಲವ್ರಿಗೆ ಆ ಸದ್ದೇ ಬೇಕು, ಹಾಡು ನಿಲ್ಲಿಸಿ ಅದನ್ನೇ ಜೋರು ಮಾಡಿಸ್ಕೊಂಡು ಕೇಳ್ತಾ ಮಲಗಿರ್ತಾರೆ. ಆಗ ಏನನ್ಸುತ್ತೋ ನೋಡಿ ಹೇಳಿ, ಎರಡೂ ಆಗುತ್ತೆ.

ಆಮೇಲೆ ಆ ಹಳೇ ಫೋನಿನ ಚಾರ್ಜರ್ ಪಿನ್ ಬೇರೆ ಇರುತ್ತೆ, ಅದನ್ನೂ ಬ್ಯಾಗಿಗೆ ಹಾಕಿ. ವಾರ್ಡಲ್ಲಿ ದಿನಾ ರಾತ್ರ ಯಾರಾದ್ರೂ ಒಬ್ರು ಬಂದು ನಮ್ಮ ಹತ್ರ ಆ ಪಿನ್ ಇದೆಯಾ ಸಿಸ್ಟರ್ ಅಂತ ಕೇಳ್ತಾರೆ, ನಮ್ಮ ಹತ್ರ ಇರಲ್ಲ.